ಓದು ಮುಗಿದ ಮೇಲಿನ ಓದು

"ಹುಡುಗನ ಓದು ಮುಗಿಯಿತೇ?" ಎಂದು ನಮ್ಮ ಹಿರಿಯರು ಕೇಳುತ್ತಾರೆ. "ಮುಗಿಯಿತು, ಕೆಲಸಕ್ಕೂ ಸೇರಿದ್ದಾನೆ" ಎಂಬುದು ನೆಮ್ಮದಿಯ ಉತ್ತರ. ಊಟ ಮುಗಿದಂತೆ, ಮದುವೆ ಮುಗಿದಂತೆ, ಕನ್ನಡದಲ್ಲಿ ಓದೂ ಮುಗಿಯುತ್ತದೆ. ಮುಗಿಯದೆ ಉಳಿದರೆ ಮನೆಮಂದಿಗೆಲ್ಲ ಚಿಂತೆ. ಪುಸ್ತಕ ಹಿಡಿದು ಕೂರುವುದಕ್ಕೂ ಪದವಿ ಪಡೆಯುವುದಕ್ಕೂ ನಾವು ಒಂದೇ ಪದವನ್ನು ಇಟ್ಟುಕೊಂಡಿರುವುದರಿಂದ, ಎರಡನೆಯದು ಮುಗಿದೊಡನೆ ಮೊದಲನೆಯದೂ ಮುಗಿಯಿತೆಂಬ ಭಾವನೆ ಅರಿವಿಲ್ಲದೆಯೇ ಬೆಳೆದುಬಂದಿದೆ. ಅದರ ಬೆಂಬಲಕ್ಕೆ ಗಾದೆಯೊಂದು ಸಿದ್ಧವಾಗಿ ನಿಂತಿದೆ: ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಮಕ್ಕಳನ್ನು ತಿದ್ದುವುದಕ್ಕೆಂದು ಹುಟ್ಟಿದ ಈ ಮಾತು, ನಲವತ್ತು ದಾಟಿದವರ ಸೋಮಾರಿತನಕ್ಕೂ ಒಳ್ಳೆಯ ಆಸರೆಯಾಗಿದೆ.

ಈ ಗಾದೆಯನ್ನು ಇತಿಹಾಸದ ಮುಂದಿಟ್ಟು ನೋಡಬೇಕೆನ್ನಿಸಿತು. ಅದಕ್ಕಾಗಿ ಲಿಪಿಗಳ ಇತಿಹಾಸವನ್ನು ಆರಿಸಿಕೊಂಡಿದ್ದೇನೆ. ಅಕ್ಷರ ಕಲಿಯುವುದು ಮಕ್ಕಳ ಕೆಲಸವೆಂದು ನಾವು ತಿಳಿದಿದ್ದೇವೆ. ಆದರೆ ಈ ದೇಶದ ಅತಿ ಹಳೆಯ ಅಕ್ಷರಗಳು ಮರೆತುಹೋದ ಮೇಲೆ ಅವುಗಳನ್ನು ಮತ್ತೆ ಒಂದೊಂದಾಗಿ ಕಲಿತವರಲ್ಲಿ ಬಹುಮಂದಿ, ಓದು ಮುಗಿಸಿ, ಬೇರಾವುದೋ ಕೆಲಸಕ್ಕೆ ಸೇರಿ, ತಿಂಗಳ ಸಂಬಳ ಎಣಿಸುತ್ತಿದ್ದ ವಯಸ್ಕರು.

ದೆಹಲಿಯ ಕನ್ನಡಿಗರು ಫಿರೋಜ್ ಶಾ ಕೋಟ್ಲಾದ ಕಟ್ಟಡದ ಮೇಲೆ ನಿಂತಿರುವ ಅಶೋಕನ ಕಂಬವನ್ನು ನೋಡಿರಬಹುದು. ಸುಲ್ತಾನ ಫಿರೋಜ್ ಶಾ ತುಘಲಕ್ 14ನೆಯ ಶತಮಾನದಲ್ಲಿ ಅದನ್ನು ಈಗಿನ ಹರಿಯಾಣದ ತೋಪ್ರಾದಿಂದ ಯಮುನೆಯ ಮೇಲೆ ತೇಲಿಸಿ ತರಿಸಿದ. ಮೇಲಿದ್ದ ಬರಹವೇನೆಂದು ತಿಳಿಯಲು ಪಂಡಿತರನ್ನು ಕರೆಸಿದ. ಓದಲು ಒಬ್ಬರಿಂದಲೂ ಆಗಲಿಲ್ಲ. ಅದಾದ ಮೇಲೆ ಸುಮಾರು ಐದು ನೂರು ವರ್ಷ ಆ ಕಂಬ ಎಲ್ಲರ ಕಣ್ಣೆದುರಿಗೇ ಮೂಕವಾಗಿ ನಿಂತಿತ್ತು.

ಅದರ ಬಾಯಿ ಬಿಡಿಸಿದವನು ಟಂಕಸಾಲೆಯ ನೌಕರ. ಜೇಮ್ಸ್ ಪ್ರಿನ್ಸೆಪ್ 1819ರಲ್ಲಿ ಕಲ್ಕತ್ತೆಗೆ ಬಂದಾಗ ಅವನಿಗೆ ಇಪ್ಪತ್ತು ವರ್ಷ. ಇಂಗ್ಲೆಂಡಿನಲ್ಲಿ ವಾಸ್ತುಶಿಲ್ಪ ಕಲಿಯಲು ಹೊರಟು, ಕಣ್ಣಿನ ಬೇನೆಯಿಂದ ಅದನ್ನು ಕೈಬಿಟ್ಟು, ಲೋಹಪರೀಕ್ಷೆಯನ್ನು ಕಲಿತು ಈಸ್ಟ್ ಇಂಡಿಯಾ ಕಂಪನಿಯ ಚಾಕರಿಗೆ ಬಂದವನು. ಬೆಳ್ಳಿಯಲ್ಲಿ ಎಷ್ಟು ಬೆಳ್ಳಿ, ಎಷ್ಟು ಕಲಬೆರಕೆ ಎಂದು ತೂಗಿ ಹೇಳುವುದು ಅವನ ಉದ್ಯೋಗ. ಸುಮಾರು ಹತ್ತು ವರ್ಷ ಕಾಶಿಯ ಟಂಕಸಾಲೆಯಲ್ಲಿ ದುಡಿದ. ಅಲ್ಲಿ ಔರಂಗಜೇಬನ ಮಸೀದಿಯ ಮಿನಾರುಗಳ ದುರಸ್ತಿಗೂ ಕರ್ಮನಾಶಾ ನದಿಯ ಸೇತುವೆಗೂ ಕೈಹಾಕಿದ. ಕಲ್ಕತ್ತೆಗೆ ಮರಳಿದ ಮೇಲೆ 1832ರಲ್ಲಿ ಏಷಿಯಾಟಿಕ್ ಸೊಸೈಟಿಯ ಕಾರ್ಯದರ್ಶಿಯಾದ. ಹಗಲು ಹೊಸ ನಾಣ್ಯಗಳ ಪರೀಕ್ಷೆ, ಉಳಿದ ಹೊತ್ತಿನಲ್ಲಿ ಹಳೆಯ ನಾಣ್ಯಗಳ ಪರೀಕ್ಷೆ. ಮೊದಲನೆಯದಕ್ಕೆ ಸಂಬಳವಿತ್ತು, ಎರಡನೆಯದಕ್ಕೆ ಇರಲಿಲ್ಲ ಎಂಬುದಷ್ಟೇ ವ್ಯತ್ಯಾಸ.

1837ರಲ್ಲಿ ಕ್ಯಾಪ್ಟನ್ ಎಡ್ವರ್ಡ್ ಸ್ಮಿತ್ ಎಂಬ ಸೇನಾಧಿಕಾರಿ ಸಾಂಚಿಯ ಸ್ತೂಪದ ಬರಹಗಳ ಅಚ್ಚುಗಳನ್ನು ತೆಗೆಸಿ ಕಳಿಸಿದ. ಅವು ಕಂಬದ ಮೇಲಿನಂತೆ ಉದ್ದನೆಯ ಬರಹಗಳಲ್ಲ, ತುಂಡು ತುಂಡು ಸಾಲುಗಳು. ಅವುಗಳನ್ನು ಮುದ್ರಣಕ್ಕೆಂದು ಜೋಡಿಸುತ್ತಿದ್ದಾಗ ಪ್ರಿನ್ಸೆಪ್‌ನ ಕಣ್ಣಿಗೆ ಒಂದು ಸಂಗತಿ ಬಿತ್ತು. ಸಾಲುಗಳು ಬೇರೆಬೇರೆಯಾಗಿದ್ದರೂ ಬಹುತೇಕ ಎಲ್ಲದರ ಕೊನೆಗೂ ಅದೇ ಎರಡು ಅಕ್ಷರಗಳಿದ್ದವು. ಒಂದು ಪವಿತ್ರಸ್ಥಳದ ಕಟಾಂಜನದ ಮೇಲೆ ಒಂದೊಂದು ಕಲ್ಲಿಗೆ ಒಂದೊಂದು ಸಾಲು, ಕೊನೆಗೆ ಒಂದೇ ಪದ. ಏನಿರಬಹುದು? ನಮ್ಮೂರಿನ ದೇವಸ್ಥಾನದ ಟ್ಯೂಬ್‌ಲೈಟನ್ನು ನೋಡಿದವರಿಗೆ ಉತ್ತರ ತಟ್ಟನೆ ಹೊಳೆಯುತ್ತದೆ. ಬೆಳಕು ಹೊರಗೆ ಬರಲು ಜಾಗವಿಲ್ಲದಂತೆ ಅದರ ಮೇಲೆ ದಾನಿಯ ಹೆಸರನ್ನು ಬರೆಸಿರುತ್ತಾರಲ್ಲ! ಪ್ರಿನ್ಸೆಪ್ ಊಹಿಸಿದ್ದೂ ಅದನ್ನೇ. ಆ ಪದ 'ದಾನಂ'. ಅದರ ಹಿಂದೆ ಬರುವ ಅಕ್ಷರ 'ಸ', ಅಂದರೆ 'ಇಂಥವನ'. ದ, ನ, ಸ ಸಿಕ್ಕಿದ ಮೇಲೆ ಉಳಿದವು ಸಾಲಾಗಿ ಬಿಚ್ಚಿಕೊಂಡವು. ಆಗ ಅವನಿಗೆ ಇನ್ನೂ ಮೂವತ್ತೆಂಟು ತುಂಬಿರಲಿಲ್ಲ.

ಇಲ್ಲಿ ಎರಡು ಮಾತನ್ನು ಸೇರಿಸಬೇಕು. ಪ್ರಿನ್ಸೆಪ್ ಒಂಟಿಯಾಗಿ ಗೆದ್ದವನಲ್ಲ. ನಾರ್ವೆ ಮೂಲದ ಲಾಸೆನ್ ಮೊದಲಾದವರು ಕೆಲವು ಅಕ್ಷರಗಳನ್ನು ಅದಾಗಲೇ ಗುರುತಿಸಿದ್ದರು. ಕಮಲಾಕಾಂತ ವಿದ್ಯಾಲಂಕಾರರಂಥ ಪಂಡಿತರ ಭಾಷಾಜ್ಞಾನವಿಲ್ಲದೆ ಅಕ್ಷರಗಳು ಅರ್ಥವಾಗಿ ಮಾರ್ಪಡುತ್ತಿರಲಿಲ್ಲ. ಆಳುವ ಕಂಪನಿಯ ನೌಕರನಿಗೆ ಇದ್ದ ಅನುಕೂಲಗಳು ಆ ಪಂಡಿತರಿಗೆ ಇರಲಿಲ್ಲವೆಂಬುದನ್ನೂ ಮರೆಯಬಾರದು. ಎರಡನೆಯ ಮಾತು, ಅವನು ಕಲಿತದ್ದು ತನ್ನ ಉದ್ಯೋಗವನ್ನು ಬದಿಗಿಟ್ಟಲ್ಲ. ನೂರಾರು ನಾಣ್ಯಗಳನ್ನು ಒಂದರ ಪಕ್ಕ ಒಂದಿಟ್ಟು, ಯಾವುದು ಯಾವುದಕ್ಕೆ ಹೋಲುತ್ತದೆ, ಎಲ್ಲಿ ಕೂದಲೆಳೆಯ ಅಂತರವಿದೆ ಎಂದು ನೋಡುವ ಕಣ್ಣು ಟಂಕಸಾಲೆ ಕೊಟ್ಟದ್ದು. ಗುರುಕುಲದಲ್ಲಿ ಬೆಳೆದ ವಿದ್ವಾಂಸ ಬರಹವನ್ನು ಓದಲು ಹೊರಡುತ್ತಾನೆ. ಲೋಹಪರೀಕ್ಷಕ ಅದನ್ನು ಮೊದಲು ನೋಡುತ್ತಾನೆ. ಮೂಕ ಕಂಬದ ಮುಂದೆ ಬೇಕಾಗಿದ್ದದ್ದು ಈ ಎರಡನೆಯ ಬಗೆ.

ಲಿಪಿ ಬಂದರೂ 'ದೇವಾನಂಪಿಯ ಪಿಯದಸಿ' ಯಾರೆಂಬುದು ತಿಳಿಯಲಿಲ್ಲ. ಸಿಂಹಳದಲ್ಲಿ ಸರ್ಕಾರಿ ಅಧಿಕಾರಿಯಾಗಿದ್ದ ಜಾರ್ಜ್ ಟರ್ನರ್ ಬಿಡುವಿನಲ್ಲಿ ಪಾಲಿ ಕಲಿತು, ಅಲ್ಲಿನ ಪುರಾತನ ಗ್ರಂಥಗಳಿಂದ ಆತ ಮೌರ್ಯ ಅಶೋಕನೆಂದು ತೋರಿಸಿದ. ಅದಕ್ಕೆ ಕಲ್ಲಿನ ಸಾಕ್ಷ್ಯ ದೊರೆತದ್ದು ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, 1915ರಲ್ಲಿ. 'ಅಸೋಕ' ಎಂಬ ಹೆಸರೇ ಇರುವ ಆ ಶಾಸನವನ್ನು ಕಂಡವನು ಚಿನ್ನದ ಗಣಿಯ ಇಂಜಿನಿಯರ್ ಬೀಡನ್. ಅದಕ್ಕೂ ಮೊದಲು, 1892ರಲ್ಲಿ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವನ್ನು ಗುರುತಿಸಿದ ಬಿ. ಎಲ್. ರೈಸ್ ಶಾಲಾ ಇನ್ಸ್‌ಪೆಕ್ಟರಾಗಿದ್ದವರು. ಶಾಲೆಗಳ ತನಿಖೆಗೆಂದು ಊರೂರು ತಿರುಗುವಾಗ ಕಣ್ಣಿಗೆ ಬಿದ್ದ ಶಾಸನಗಳೇ ಅವರನ್ನು 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹನ್ನೆರಡು ಸಂಪುಟಗಳಿಗೆ ಒಯ್ದವು. ರೈಸರ ಕಥೆ ಕನ್ನಡಿಗರಿಗೆ ಚೆನ್ನಾಗಿ ಗೊತ್ತಿರುವುದರಿಂದ ಅಲ್ಲಿ ನಿಲ್ಲದೆ ಮುಂದೆ ಹೋಗುತ್ತೇನೆ.

ಪ್ರಿನ್ಸೆಪ್ ಕಲ್ಕತ್ತೆಯಲ್ಲಿ ಬ್ರಾಹ್ಮಿಯನ್ನು ಬಿಡಿಸುತ್ತಿದ್ದ ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ, ಅದೇ ಬಂಗಾಳದ ಒಂದು ಹಳ್ಳಿಯ ಅಡುಗೆಮನೆಯಲ್ಲಿ ಇನ್ನೊಂದು ಲಿಪಿಶೋಧ ನಡೆಯುತ್ತಿತ್ತು. ಇತಿಹಾಸದ ಪುಸ್ತಕಗಳು ಈ ಎರಡನ್ನೂ ಒಂದೇ ಪುಟದಲ್ಲಿ ಇಡುವುದಿಲ್ಲ. ಇಡಬೇಕೆಂಬುದು ನನ್ನ ಅಭಿಪ್ರಾಯ.

ರಾಸಸುಂದರೀ ದೇವಿ ಹುಟ್ಟಿದ್ದು ಪಾಬ್ನಾ ಜಿಲ್ಲೆಯಲ್ಲಿ, 1809ರ ಸುಮಾರಿಗೆ. ಹನ್ನೆರಡಕ್ಕೆ ಮದುವೆಯಾಗಿ ಫರೀದ್‌ಪುರದ ರಾಮದಿಯಾ ಎಂಬ ಊರಿನ ಸ್ಥಿತಿವಂತರ ಮನೆಗೆ ಬಂದಳು. ಎರಡೂ ಊರುಗಳು ಈಗ ಬಾಂಗ್ಲಾದೇಶದಲ್ಲಿವೆ. ದೊಡ್ಡ ಸಂಸಾರ. ಅತ್ತೆ ಹಾಸಿಗೆ ಹಿಡಿದ ಮೇಲೆ ಅಡುಗೆಯ ಭಾರವೆಲ್ಲ ಆಕೆಯದು. ಹದಿನೆಂಟರಿಂದ ನಲವತ್ತೊಂದರವರೆಗೆ ಹನ್ನೆರಡು ಹೆರಿಗೆ. ಎಲ್ಲರಿಗೂ ಬಡಿಸಿ ತಾನು ಉಣ್ಣಲು ಕೂರುವ ಹೊತ್ತಿಗೆ ಯಾರಾದರೂ ಅತಿಥಿ ಬರುವುದೋ ಮಗು ಏಳುವುದೋ ಆಗಿ, ಊಟವಿಲ್ಲದೆ ದಿನ ಕಳೆದದ್ದನ್ನು ಆಕೆ ತನ್ನ ಆತ್ಮಕಥೆಯಲ್ಲಿ ದೂರಿನ ದನಿಯಿಲ್ಲದೆ ಬರೆಯುತ್ತಾಳೆ. ಆಕೆಯ ಸಂಕೋಚ ಎಷ್ಟಿತ್ತೆಂದರೆ, ಗಂಡನ ಕುದುರೆ ಜಯಹರಿ ಅಂಗಳಕ್ಕೆ ಬಂದಾಗ, ಯಜಮಾನರ ಕುದುರೆಯ ಕಣ್ಣಿಗೆ ಬೀಳುವುದು ಹೇಗೆಂದು ಒಳಗೆ ಅಡಗಿ ನಿಂತಿದ್ದಳಂತೆ.

ಓದಿದ ಹೆಂಗಸು ವಿಧವೆಯಾಗುತ್ತಾಳೆಂದು ನಂಬಿದ್ದ ಕಾಲ ಅದು. ಅಂಥ ಮನೆಯಲ್ಲಿದ್ದ ರಾಸಸುಂದರಿಗೆ 'ಚೈತನ್ಯ ಭಾಗವತ'ವನ್ನು ತಾನೇ ಓದಬೇಕೆಂಬ ಆಸೆ ಹತ್ತಿತು. ಓದುತ್ತಿರುವಂತೆ ಕನಸೂ ಬಿತ್ತು. ಆಗ ಇಪ್ಪತ್ತೈದೋ ಇಪ್ಪತ್ತಾರೋ ಪ್ರಾಯ. ಗ್ರಂಥ ಮನೆಯಲ್ಲೇ ಇತ್ತು. ಆದರೆ ಯಾವುದು ಆ ಗ್ರಂಥವೆಂದು ತಿಳಿಯುವುದಕ್ಕೂ ಓದು ಬರಬೇಕಲ್ಲ! ಒಂದು ದಿನ ಗಂಡ ಆ ಪುಸ್ತಕದ ಹೆಸರನ್ನು ಮಗನಿಗೆ ಹೇಳಿದ್ದು ಆಕೆಯ ಕಿವಿಗೆ ಬಿತ್ತು. ಬಿಡಿಹಾಳೆಗಳನ್ನು ಹಲಗೆಗಳ ನಡುವೆ ಕಟ್ಟಿಡುತ್ತಿದ್ದ ಕಾಲವಾದ್ದರಿಂದ, ಯಾರೂ ಇಲ್ಲದ ಹೊತ್ತಿನಲ್ಲಿ ಒಂದು ಹಾಳೆಯನ್ನು ತೆಗೆದುಕೊಂಡು ಹೋಗಿ ಅಡುಗೆಮನೆಯಲ್ಲಿ ಬಚ್ಚಿಟ್ಟಳು. ಇನ್ನೊಂದು ಕಡೆ, ಹಿರಿಯ ಮಗ ಅಕ್ಷರ ತಿದ್ದಿ ಎಸೆದ ತಾಳೆಗರಿಯೊಂದನ್ನು ಎತ್ತಿಟ್ಟುಕೊಂಡಳು. ಬಾಲ್ಯದಲ್ಲಿ ತವರುಮನೆಯ ಹೊರಚಾವಡಿಯಲ್ಲಿ ಗಂಡುಮಕ್ಕಳಿಗೆ ಪಾಠ ನಡೆಯುವಾಗ ಸುಮ್ಮನೆ ಕೂತಿರುತ್ತಿದ್ದ ಹುಡುಗಿಯ ಕಿವಿಯಲ್ಲಿ ಅಕ್ಷರಮಾಲೆಯ ದನಿ ಉಳಿದಿತ್ತು.

ಅವಳ ಸಾಮಗ್ರಿ ಇಷ್ಟೇ: ನೆನಪಿನಲ್ಲಿ ಉಳಿದ ದನಿ, ಮಗನ ತಾಳೆಗರಿಯ ಅಕ್ಷರ, ಕದ್ದ ಹಾಳೆಯ ಬರಹ. ಈ ಮೂರನ್ನೂ ಒಂದಕ್ಕೊಂದು ಹೊಂದಿಸಬೇಕು. ಎಡಗೈಯಲ್ಲಿ ಹಾಳೆ, ಬಲಗೈ ಒಲೆಯ ಕಡೆ, ಕಿವಿ ಬಾಗಿಲ ಕಡೆ. ತಲೆಯ ಮೇಲೆ ಸೆರಗು. ತಾಳೆಗರಿಯ ಕೈಬರಹಕ್ಕೂ ಗ್ರಂಥದ ಅಕ್ಷರಕ್ಕೂ ರೂಪ ಸಮನಾಗಿರಲಿಲ್ಲ. ಕಲಿಸುವವರಿಲ್ಲ, ಕೇಳುವಂತಿಲ್ಲ. ಹೀಗೆ ಬಹಳ ದಿನ ತಡಕಾಡಿ, ಆಕೆ ಒಂದೊಂದಾಗಿ ಅಕ್ಷರ ಕೂಡಿಸಿ ಓದತೊಡಗಿದಳು.

ಪ್ರಿನ್ಸೆಪ್ ಮಾಡಿದ್ದೂ ಇದನ್ನೇ: ಗೊತ್ತಿದ್ದ ದನಿ, ನಾಣ್ಯಗಳಲ್ಲಿ ಅರ್ಧಂಬರ್ಧ ಗೊತ್ತಿದ್ದ ಅಕ್ಷರ, ಗೊತ್ತಿಲ್ಲದ ಬರಹ. ವ್ಯತ್ಯಾಸ ಪರಿಸರದ್ದು. ಅವನ ಬೆನ್ನಿಗೆ ಸೊಸೈಟಿಯ ಪತ್ರಿಕೆ, ಮುದ್ರಣಾಲಯ, ಪಂಡಿತರು, ದೇಶದ ಮೂಲೆಮೂಲೆಯಿಂದ ಅಚ್ಚು ತೆಗೆದು ಕಳಿಸುವ ಕ್ಯಾಪ್ಟನ್ನರು ಇದ್ದರು. ಅವನು ಓದಿದ ದಿನ ಅದು ಜಗತ್ತಿಗೆ ಸುದ್ದಿಯಾಯಿತು. ಆಕೆ ಓದಿದ ದಿನ ಅದು ಯಾರಿಗೂ ತಿಳಿಯದಂತೆ ನೋಡಿಕೊಳ್ಳಬೇಕಾಯಿತು. ಬ್ರಾಹ್ಮಿಯನ್ನು ಪ್ರಿನ್ಸೆಪ್ ಓದದಿದ್ದರೆ ಹತ್ತಿಪ್ಪತ್ತು ವರ್ಷಗಳಲ್ಲಿ ಬೇರೊಬ್ಬ ಓದುತ್ತಿದ್ದ. ರಾಮದಿಯಾದ ಅಡುಗೆಮನೆಯಲ್ಲಿ ಆ ಹಾಳೆಯನ್ನು ಓದಲು ರಾಸಸುಂದರಿಯ ಹೊರತು ಇನ್ನೊಬ್ಬರಿರಲಿಲ್ಲ. ಎರಡರಲ್ಲಿ ಯಾವುದು ಹೆಚ್ಚು ಕಷ್ಟದ್ದೆಂದು ಕೇಳಿದರೆ ನನ್ನ ಮತ ಅಡುಗೆಮನೆಗೆ.

ಆಕೆಗೆ ಬರೆಯುವುದು ಬಂದದ್ದು ಇನ್ನೂ ಎಷ್ಟೋ ವರ್ಷಗಳ ಮೇಲೆ. ಕಲ್ಕತ್ತೆಯಲ್ಲಿ ಓದುತ್ತಿದ್ದ ಮಗನೊಬ್ಬ, ತನ್ನ ಪತ್ರಗಳಿಗೆ ತಾಯಿ ಉತ್ತರ ಬರೆಯುವುದಿಲ್ಲವೆಂದು ಹಟ ಹಿಡಿದು, ಕಾಗದ, ಲೇಖನಿ, ಮಸಿಕುಡಿಕೆಗಳನ್ನು ತಂದಿಟ್ಟ. ತಾಯಿ ಮಗನಿಗಾಗಿ ಅಕ್ಷರ ತಿದ್ದಿದಳು. ಮುಂದೆ ಅದೇ ಕೈ ಬರೆದ 'ಆಮಾರ್ ಜೀಬನ್' ಬಂಗಾಳಿಯ ಮೊದಲ ಪೂರ್ಣಪ್ರಮಾಣದ ಆತ್ಮಕಥೆಯೆಂದು ಹೆಸರಾಯಿತು. 1897ರಲ್ಲಿ ಅದನ್ನು ವಿಸ್ತರಿಸಿ ಮತ್ತೆ ಹೊರತಂದಾಗ ಆಕೆಗೆ ಎಂಬತ್ತೆಂಟು.

ಕಲಿಕೆಯ ಸುಖವೆಂದರೆ ಏನೆಂದು ಈ ಇಬ್ಬರನ್ನು ನೋಡುತ್ತ ಯೋಚಿಸಿದ್ದೇನೆ. ಇಬ್ಬರಿಗೂ ಪರೀಕ್ಷೆ ಇರಲಿಲ್ಲ. ನಮ್ಮಂಥ ಕೇಂದ್ರ ಸರ್ಕಾರಿ ನೌಕರರ ಪಾಡು ಹಾಗಲ್ಲ. ನಮಗೆ ವಯಸ್ಸಾದ ಮೇಲೂ ಪಾಠಗಳಿಗೆ ಬರವಿಲ್ಲ. ಹಿಂದಿ ಶಿಕ್ಷಣ ಯೋಜನೆಯ ಪ್ರಬೋಧ, ಪ್ರವೀಣ, ಪ್ರಾಜ್ಞ ಎಂಬ ಮೂರು ಮೆಟ್ಟಿಲುಗಳಿವೆ. ಪಾಸಾದರೆ ನಗದು ಬಹುಮಾನ, ಅರ್ಹರಿಗೆ ಒಂದು ವರ್ಷದ ಮಟ್ಟಿಗೆ ಇನ್‌ಕ್ರಿಮೆಂಟಿನಷ್ಟು ವೈಯಕ್ತಿಕ ವೇತನ. ಈಚೆಗೆ ಆನ್‌ಲೈನ್ ಕೋರ್ಸುಗಳೂ ಪ್ರಮಾಣಪತ್ರಗಳೂ ಬಂದಿವೆ. ನಾನು ಇವನ್ನು ಹಳಿಯುತ್ತಿಲ್ಲ. ಮಗುವಿನ ಶಾಲಾ ಶುಲ್ಕ ಕಟ್ಟುವವನಿಗೆ ಇನ್‌ಕ್ರಿಮೆಂಟ್ ಸಣ್ಣ ವಿಷಯವಲ್ಲ. ಆದರೆ ಆ ತರಗತಿಗಳಲ್ಲಿ ಐವತ್ತರ ಪ್ರಾಯದವರು ಹಾಜರಾತಿ ಹಾಕಿಸಿಕೊಂಡು ಹಿಂದಿನ ಬೆಂಚಿಗೆ ಹೋಗುವುದನ್ನು ನೋಡಿದರೆ, ಶಾಲೆ ನಮ್ಮೊಳಗೆ ಬಿಟ್ಟುಹೋಗಿರುವುದು ಪಾಠವನ್ನಲ್ಲ, ಪಾಠದಿಂದ ತಪ್ಪಿಸಿಕೊಳ್ಳುವ ಅಭ್ಯಾಸವನ್ನು ಎನ್ನಿಸುತ್ತದೆ.

ವರ್ಗವಾಗಿ ಚೆನ್ನೈಗೆ ಬಂದವರು ಇನ್ನೊಂದು ಬಗೆಯ ಕಲಿಕೆಯನ್ನೂ ಬಲ್ಲರು. ಅದಕ್ಕೆ ಬಹುಮಾನವಿಲ್ಲ. ಬಸ್ಸಿನ ಫಲಕದ ತಮಿಳನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿ ಮುಗಿಸುವಷ್ಟರಲ್ಲಿ ಬಸ್ಸು ಹೊರಟುಹೋಗಿರುತ್ತದೆ. ಕ, ಗ ಎರಡಕ್ಕೂ ಒಂದೇ ಅಕ್ಷರವೇ ಎಂದು ನಾವು ಗೊಣಗುತ್ತೇವೆ. ಆಮೇಲೊಂದು ದಿನ 'ಮೞೈ' ಎಂಬ ಪದ ಎದುರಾಗುತ್ತದೆ. ಅದರ ನಡುವಿನ ಅಕ್ಷರ ನಮ್ಮ ಹಳಗನ್ನಡದ ೞಕಾರವೇ. ಆ ಪದ ನಮ್ಮ 'ಮೞೆ', ಈಗಿನ 'ಮಳೆ'. ಕಾಲೇಜಿನಲ್ಲಿ ಅಂಕಕ್ಕಾಗಿ ಉರುಹೊಡೆದ ರಳ, ಕುಳ, ಕ್ಷಳಗಳ ಗೊಡವೆ ಹೀಗೆ ಜೀವಂತವಾಗಿ, ಮಾಂಬಲದ ತರಕಾರಿ ಅಂಗಡಿಯವನ ನಾಲಗೆಯ ಮೇಲೆ ಸಿಕ್ಕಾಗ ಆಗುವ ಸಂತೋಷವನ್ನು ಯಾವ ಪ್ರಮಾಣಪತ್ರವೂ ಕೊಡಲಾರದು.

ತಮಿಳಿನ ಆ ವಿಶೇಷ ಅಕ್ಷರಗಳೇ ಇನ್ನೊಂದು ಲಿಪಿಶೋಧಕ್ಕೆ ದಾರಿ ಮಾಡಿದವು. ತಮಿಳುನಾಡಿನ ಬೆಟ್ಟಗಳ ಗುಹೆಗಳಲ್ಲಿ ಜೈನ ಮುನಿಗಳಿಗೆಂದು ಕೊರೆದ ಕಲ್ಲಿನ ಹಾಸಿಗೆಗಳಿವೆ. ಅವುಗಳ ಬಳಿ ಬ್ರಾಹ್ಮಿಯಂತೆಯೇ ಕಾಣುವ ಬರಹಗಳಿವೆ. ಮದುರೆಯ ಬಳಿಯ ಮಾಂಗುಳಂನ ಬರಹಗಳು 1882ರಲ್ಲೇ ಕಣ್ಣಿಗೆ ಬಿದ್ದಿದ್ದವು. ಅಶೋಕನ ಬ್ರಾಹ್ಮಿ ಬಲ್ಲವರು ಓದಿದರೆ ಅಕ್ಷರಗಳು ಬರುತ್ತಿದ್ದವು, ಅರ್ಥ ಬರುತ್ತಿರಲಿಲ್ಲ. 1924ರಲ್ಲಿ ಕೆ. ವಿ. ಸುಬ್ರಹ್ಮಣ್ಯ ಅಯ್ಯರ್ ಅವರು ಇಲ್ಲಿ ೞ, ಱ ಮುಂತಾದ ದ್ರಾವಿಡ ಧ್ವನಿಗಳ ಚಿಹ್ನೆಗಳಿವೆ, ಆದ್ದರಿಂದ ಭಾಷೆ ತಮಿಳು ಎಂದು ತೋರಿಸಿದರು. ಆ ದಾರಿಯನ್ನು ಮುಂದೆ ಹಿಡಿದವರು ವಿರಳ.

1960ರ ದಶಕದ ಆರಂಭದಲ್ಲಿ ಇತಿಹಾಸಕಾರ ಕೆ. ಎ. ನೀಲಕಂಠ ಶಾಸ್ತ್ರಿಗಳು ಈ ಬಿಡಿಸದ ಗಂಟನ್ನು ತೋರಿಸಿದ್ದು ಒಬ್ಬ ಯುವ ಐಎಎಸ್ ಅಧಿಕಾರಿಗೆ. ಅವರು ಐರಾವತಂ ಮಹಾದೇವನ್. 1930ರಲ್ಲಿ ಹುಟ್ಟಿದವರು, ಓದಿದ್ದು ವಿಜ್ಞಾನ ಮತ್ತು ಕಾನೂನು, 1954ರಲ್ಲಿ ಆಡಳಿತ ಸೇವೆಗೆ ಸೇರಿದವರು. ಶಾಸನಶಾಸ್ತ್ರದಲ್ಲಿ ಯಾವ ಪದವಿಯೂ ಇರಲಿಲ್ಲ. ಸರ್ಕಾರಿ ಕೆಲಸದ ನಡುವೆ ಬ್ರಾಹ್ಮಿ ಕಲಿತು, ಗುಹೆಗಳ ಬೆಟ್ಟ ಹತ್ತತೊಡಗಿದರು.

ಅವರು ಕಂಡುಕೊಂಡದ್ದನ್ನು ಕನ್ನಡದ ಓದುಗರಿಗೆ ಸುಲಭವಾಗಿ ಹೇಳಬಹುದು. ನಮ್ಮ 'ಕ' ಎಂಬ ಅಕ್ಷರದೊಳಗೆ ಅಕಾರ ಅಡಗಿದೆ. ಅಶೋಕನ ಬ್ರಾಹ್ಮಿಯಲ್ಲೂ ಹಾಗೆಯೇ. ದೀರ್ಘದ ಗೆರೆ ಹಚ್ಚಿದರೆ 'ಕಾ'. ಆದರೆ ತಮಿಳು ಗುಹೆಗಳ ಅತಿ ಹಳೆಯ ಬರಹಗಳಲ್ಲಿ ಗೆರೆಯಿಲ್ಲದ ಅಕ್ಷರ ಬರಿಯ 'ಕ್'. ಗೆರೆ ಹಚ್ಚಿದಾಗ ಅದು 'ಕ' ಆಗುತ್ತದೆ, ಕೆಲವೊಮ್ಮೆ 'ಕಾ'. ಅಶೋಕನ ಲೆಕ್ಕದಲ್ಲಿ 'ಮಾಕಾನ' ಎಂದು ಅರ್ಥವಿಲ್ಲದೆ ನಿಲ್ಲುವುದು ಈ ಲೆಕ್ಕದಲ್ಲಿ 'ಮಕನ್', ಅಂದರೆ ಮಗ. ನೋಡಲು ಇದು ಸಣ್ಣ ವಿಷಯ. ಅಲ್ಪವಿರಾಮ ಎಲ್ಲಿದೆ, 'ಮತ್ತು' ಇದೆಯೋ 'ಅಥವಾ' ಇದೆಯೋ ಎಂದು ನಿಯಮಾವಳಿಗಳನ್ನು ಓದುವ ಅಧಿಕಾರಿಯ ಕಣ್ಣಿಗೆ ಇಂಥದ್ದು ಬಿದ್ದದ್ದರಲ್ಲಿ ಆಶ್ಚರ್ಯವಿಲ್ಲವೆಂದು ನಾನು ತಿಳಿದಿದ್ದೇನೆ. ಇದು ನನ್ನ ಊಹೆ ಮಾತ್ರ, ವೃತ್ತಿಯ ಪಕ್ಷಪಾತವೂ ಇದ್ದೀತು.

1965ರಲ್ಲಿ ಕರೂರಿನ ಬಳಿಯ ಪುಗಳೂರಿನ ಬಂಡೆಯ ಬರಹವನ್ನು ಅವರು ಓದಿದರು. ಒಬ್ಬ ಜೈನ ಮುನಿಗೆ ಕಲ್ಲಿನ ಆಸರೆ ಮಾಡಿಸಿಕೊಟ್ಟ ವಿಷಯವದು. ಮಾಡಿಸಿದವನು ಇಳಂಕಡುಂಗೋ, ಅವನ ತಂದೆ ಪೆರುಂಕಡುಂಗೋನ್, ಅವನ ತಂದೆ ಚೇರ ಅರಸ ಇರುಂಪೊರೈ. ಸಂಗಂ ಕಾವ್ಯಗಳಲ್ಲಿ ಮಾತ್ರ ಉಳಿದಿದ್ದ, ಕವಿಕಲ್ಪನೆಯೆಂದು ಕೆಲವರು ತಳ್ಳಿಹಾಕುತ್ತಿದ್ದ ಒಂದು ವಂಶ ಮೂರು ತಲೆಮಾರು ಸಹಿತ ಕಲ್ಲಿನಿಂದ ಎದ್ದುಬಂತು. ಮರುವರ್ಷವೇ ಈ ಶಾಸನಗಳ ಸಂಕಲನವನ್ನು ಅವರು ವಿದ್ವಾಂಸರ ಮುಂದಿಟ್ಟರು.

ಅಲ್ಲಿಗೆ ನಿಲ್ಲಿಸಿದ್ದರೂ ಸಾಕಿತ್ತು. ಅವರು ಸಿಂಧೂ ಲಿಪಿಗೆ ಕೈಹಾಕಿದರು. 1970ರಲ್ಲಿ ನೆಹರೂ ಫೆಲೋಶಿಪ್ ದೊರೆಯಿತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕಂಪ್ಯೂಟರಿನ ನೆರವಿನಿಂದ ಎಲ್ಲ ಮುದ್ರೆಗಳ ಬರಹವನ್ನೂ ಪಟ್ಟಿಮಾಡಿ, ಯಾವ ಚಿಹ್ನೆ ಎಲ್ಲಿ, ಯಾವುದರ ಪಕ್ಕ, ಎಷ್ಟು ಬಾರಿ ಬರುತ್ತದೆಂಬ ಸೂಚಿಯನ್ನು ಸಿದ್ಧಪಡಿಸಿದರು. ಅವರ ಪಟ್ಟಿಯಲ್ಲಿ 417 ಚಿಹ್ನೆಗಳಿವೆ. ಭಾರತೀಯ ಪುರಾತತ್ವ ಇಲಾಖೆ 1977ರಲ್ಲಿ ಅದನ್ನು ಪ್ರಕಟಿಸಿತು.

ಈ ಪುಸ್ತಕದ ವಿಚಾರ ಬಂದಾಗಲೆಲ್ಲ ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ಓದಿದ ಜಾರ್ಜ್ ಎಲಿಯಟ್‌ಳ 'ಮಿಡಲ್‌ಮಾರ್ಚ್' ಕಾದಂಬರಿಯ ಕಸೋಬನ್ ನೆನಪಾಗುತ್ತಾನೆ. ಎಲ್ಲ ಪುರಾಣಗಳಿಗೂ ಒಂದೇ ಕೀಲಿಕೈ ಸಿದ್ಧಪಡಿಸುತ್ತೇನೆಂದು ಟಿಪ್ಪಣಿಗಳ ರಾಶಿಯಲ್ಲಿ ಒಣಗಿಹೋದ ಮುದುಕ. ಹೊಸದನ್ನು ಕಲಿತರೆ ತನ್ನ ಕೀಲಿಕೈ ಸುಳ್ಳಾದೀತೆಂಬ ಭಯ ಅವನಿಗೆ. ಸಿಂಧೂ ಲಿಪಿಯನ್ನು ತಾನು ಓದಿದ್ದೇನೆಂದು ಘೋಷಿಸಿದ ಕಸೋಬನ್ನರು ನಮ್ಮಲ್ಲೂ ಡಜನ್ನುಗಟ್ಟಲೆ ಇದ್ದಾರೆ. ಮಹಾದೇವನ್ ಕೀಲಿಕೈ ಕೊಡಲಿಲ್ಲ, ಬೀಗದ ನಿಖರವಾದ ವಿವರ ಕೊಟ್ಟರು. ಅದರ ಭಾಷೆ ದ್ರಾವಿಡವಿರಬೇಕೆಂಬ ಅಭಿಪ್ರಾಯ ಅವರಿಗಿತ್ತು, ಅದಕ್ಕಾಗಿ ವಾದಿಸಿದರು. ಆದರೆ ಲಿಪಿಯನ್ನು ಬಿಡಿಸಿದ್ದೇನೆ ಎನ್ನಲಿಲ್ಲ. ಅವರ ಅಭಿಪ್ರಾಯವನ್ನು ಒಪ್ಪದವರೂ ಅವರ ಸೂಚಿಯನ್ನೇ ತೆರೆದು ಕೂರುತ್ತಾರೆ.

1980ರಲ್ಲಿ ಅವರು ಸ್ವಯಂ ನಿವೃತ್ತಿ ಪಡೆದರು. 1987ರಿಂದ 1991ರವರೆಗೆ 'ದಿನಮಣಿ' ಪತ್ರಿಕೆಯ ಸಂಪಾದಕರಾಗಿದ್ದರು. ಅದೂ ಮುಗಿದ ಮೇಲೆ, ಅರವತ್ತು ದಾಟಿದ ವಯಸ್ಸಿನಲ್ಲಿ, ಮೂವತ್ತು ವರ್ಷ ಹಿಂದೆ ಹತ್ತಿದ್ದ ಬೆಟ್ಟಗಳನ್ನು ಮತ್ತೆ ಹತ್ತಿದರು. ಬರಹಗಳನ್ನು ಕಲ್ಲಿನಿಂದಲೇ ಮತ್ತೆ ನಕಲು ಮಾಡಿಕೊಂಡು, ಮೊದಲಿನ ತಮ್ಮದೇ ಓದುಗಳಲ್ಲಿ ಹಲವನ್ನು ತಿದ್ದಿದರು. 'ಅರ್ಲಿ ತಮಿಳ್ ಎಪಿಗ್ರಫಿ' ಎಂಬ ಬೃಹತ್ ಗ್ರಂಥ 2003ರಲ್ಲಿ ಹಾರ್ವರ್ಡ್ ಪ್ರಾಚ್ಯಮಾಲೆಯಲ್ಲಿ ಹೊರಬಂದಾಗ ಅವರಿಗೆ ಎಪ್ಪತ್ತೆರಡು ಕಳೆದಿತ್ತು. ತಿದ್ದಿ ವಿಸ್ತರಿಸಿದ ಆವೃತ್ತಿ 2014ರಲ್ಲಿ ಬಂತು. ಅವರು ತೀರಿಕೊಂಡದ್ದು 2018ರ ನವೆಂಬರಿನಲ್ಲಿ, ಚೆನ್ನೈಯಲ್ಲಿ.

ಆ ಗ್ರಂಥದಲ್ಲಿ ನಮ್ಮಂಥ ಹೊರನಾಡ ಕನ್ನಡಿಗರು ತಪ್ಪದೆ ನೋಡಬೇಕಾದ ಭಾಗವೊಂದಿದೆ. ತಮಿಳು ಗುಹೆಗಳ ಬರಹಗಳಲ್ಲಿ ಅಲ್ಲಲ್ಲಿ ಕನ್ನಡದ ಛಾಯೆಯಿದೆಯೆಂದೂ, ಕರ್ನಾಟಕದ ಕಡೆಯಿಂದ ಬಂದ ಜೈನ ಮುನಿಗಳು ಅದಕ್ಕೆ ಕಾರಣವಿರಬೇಕೆಂದೂ ಮಹಾದೇವನ್ ತೋರಿಸಿದರು. ಹಲ್ಮಿಡಿಯ ಶಾಸನಕ್ಕಿಂತ ಎಷ್ಟೋ ಹಳೆಯ ಬರಹಗಳಿವು. ತಮಿಳುತನದ ಪ್ರಾಚೀನತೆಯನ್ನು ಕಲ್ಲಿನಲ್ಲಿ ಸ್ಥಾಪಿಸಿದ ವ್ಯಕ್ತಿಯೇ, ಅದೇ ಕಲ್ಲಿನಲ್ಲಿ ಪಕ್ಕದ ಮನೆಯ ದನಿಯೂ ಕೇಳುತ್ತಿದೆಯೆಂದು ಯಾವ ಮುಲಾಜೂ ಇಲ್ಲದೆ ಹೇಳಿದರು. ಭಾಷಾಭಿಮಾನಕ್ಕೂ ಕಲಿಕೆಗೂ ನಡುವೆ ಗೆರೆ ಎಲ್ಲಿದೆಯೆಂದು ಕೇಳುವವರಿಗೆ ನಾನು ಈ ಪುಟಗಳನ್ನು ತೋರಿಸುತ್ತೇನೆ.

ಪುದುಕೋಟೆಯ ಬಳಿಯ ಸಿತ್ತನ್ನವಾಸಲ್ ಬೆಟ್ಟಕ್ಕೆ ಚೆನ್ನೈಯಿಂದ ರಾತ್ರಿ ಹೊರಟರೆ ಬೆಳಗಿಗೆ ಹೋಗಿ ಸೇರಬಹುದು. ಕೆಳಗಿನ ಗುಹಾಲಯದ ತಾವರೆಕೊಳದ ಚಿತ್ರವನ್ನು ನೋಡಲು ಜನ ಬರುತ್ತಾರೆ. ಮೇಲಿನ ಗುಹೆಗೆ ಹತ್ತುವವರು ಕಡಿಮೆ. ಅಲ್ಲಿ ನುಣುಪಾಗಿ ಕಡೆದ ಹದಿನೇಳು ಕಲ್ಲಿನ ಹಾಸಿಗೆಗಳಿವೆ. ಒಂದರ ಮೇಲೆ ಸುಮಾರು ಎರಡು ಸಾವಿರ ವರ್ಷ ಹಳೆಯ ತಮಿಳು ಬ್ರಾಹ್ಮಿಯ ಬರಹವಿದೆ. 'ಎರುಮಿ ನಾಡಿನ ಕುಮುೞೂರಿನಲ್ಲಿ ಹುಟ್ಟಿದ' ಒಬ್ಬ ಮುನಿಗೆ ಇಳಯರ್ ಎಂಬವನು ಮಾಡಿಸಿಕೊಟ್ಟ ಆಸನವಿದು ಎಂಬುದು ಅದರ ಸಾರ. ಎರುಮೈ ಎಂದರೆ ತಮಿಳಿನಲ್ಲಿ ಎಮ್ಮೆ. ಎರುಮಿ ನಾಡು ಎಮ್ಮೆಯ ನಾಡು, ಮಹಿಷಮಂಡಲ, ನಮ್ಮ ಮೈಸೂರಿನ ಸೀಮೆ. ಅಲ್ಲಿಂದ ಹೊರಟು ಇಷ್ಟು ದೂರ ಬಂದ ಆ ಮುನಿ, ಈ ನಾಡಿನ ಮಾತನ್ನು ಯಾರಿಂದ, ಯಾವ ವಯಸ್ಸಿನಲ್ಲಿ ಕಲಿತನೋ, ಕಲ್ಲು ಹೇಳುವುದಿಲ್ಲ. ಅವನ ಊರಿನ ಹೆಸರಿನಲ್ಲಿರುವ ೞಕಾರ ಮಾತ್ರ ಈಗಲೂ ಸ್ಪಷ್ಟವಾಗಿದೆ.